ಅಭ್ಯರ್ಥಿಯ ಅಫಿಡವಿಟ್ ಓದುವುದು ಹೇಗೆ?

ಚುನಾವಣೆ ಬಂತೆಂದರೆ ತೆಲಂಗಾಣದ ನಮ್ಮ ನ್ಯಾಲ್ಕಲ್‌ನ ಚಹಾ ಅಂಗಡಿಗಳಲ್ಲಿ ಎರಡೇ ಮಾತು. ‘ಅವರ ಮೇಲೆ ಕೇಸುಗಳಿವೆಯಂತೆ’ ಅಂತ ಒಬ್ಬರು. ‘ಎಲ್ಲ ಸುಳ್ಳು, ಆಗದವರು ಹಾಕಿಸಿದ್ದು’ ಅಂತ ಇನ್ನೊಬ್ಬರು. ಎರಡೂ ಕೇಳಿಕೆಯ ಮಾತೇ. ಆದರೆ ಆ ಅಭ್ಯರ್ಥಿಯೇ ಪ್ರಮಾಣ ಮಾಡಿ ಸಹಿ ಹಾಕಿಕೊಟ್ಟ ಕಾಗದ ಒಂದಿದೆ. ಅದರ ಹೆಸರು ಅಫಿಡವಿಟ್, ಅಂದರೆ ಪ್ರಮಾಣಪತ್ರ. ಕಚೇರಿಯ ಭಾಷೆಯಲ್ಲಿ ‘ಫಾರ್ಮ್ 26’. ನಾಮಪತ್ರದ ಜೊತೆಗೆ ಇದನ್ನು ಕೊಡಲೇಬೇಕು. ಯಾರು ಬೇಕಾದರೂ ಇದನ್ನು ಪುಕ್ಕಟೆ ಓದಬಹುದು.

ಈ ಹಕ್ಕು ಮೊದಲಿನಿಂದ ಇದ್ದದ್ದಲ್ಲ. ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಅದನ್ನು ತಡೆಯುವ ಕಾನೂನನ್ನು 2003ರಲ್ಲಿ ರದ್ದು ಮಾಡಿತು. ಅಲ್ಲಿಂದ ಈ ಕಾಗದ ನಮ್ಮ ಕೈಗೆ ಬಂತು.

ಇದು ಎಲ್ಲೋ ದೆಹಲಿಯ ಸಂಗತಿ ಅಂದುಕೊಳ್ಳಬೇಡಿ. 2019ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಜಹೀರಾಬಾದ್ ಕ್ಷೇತ್ರದಲ್ಲಿ ಬಿ.ಬಿ. ಪಾಟೀಲ್ ಅವರು ಕೆ. ಮದನ್ ಮೋಹನ್ ರಾವ್ ಅವರನ್ನು 6,229 ಮತಗಳಿಂದ ಸೋಲಿಸಿದರು. ಗೆದ್ದವರು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣಗಳ ವಿವರವನ್ನು ಅಫಿಡವಿಟ್‌ನಲ್ಲಿ ಪೂರ್ತಿ ಕೊಟ್ಟಿಲ್ಲ ಎಂದು ಸೋತವರು ಹೈಕೋರ್ಟಿಗೆ ಹೋದರು. ಈ ಅರ್ಜಿಯನ್ನು ವಿಚಾರಣೆಗೆ ಮೊದಲೇ ತಳ್ಳಿಹಾಕಬೇಕು ಎಂಬ ಪಾಟೀಲರ ಕೋರಿಕೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2023ರ ಜುಲೈ 24ರಂದು ಕೋರ್ಟು ಅದನ್ನು ಒಪ್ಪಲಿಲ್ಲ. ವಿಚಾರಣೆ ನಡೆಯಲಿ ಎಂದಿತು. ಅಭ್ಯರ್ಥಿಯ ಪೂರ್ಣ ಹಿನ್ನೆಲೆ ತಿಳಿಯುವ ಮತದಾರರ ಹಕ್ಕನ್ನು ಎತ್ತಿಹಿಡಿಯಿತು. ಒಂದು ಮಾತು ಇಲ್ಲಿ ಸ್ಪಷ್ಟವಾಗಲಿ: ಆರೋಪ ನಿಜವೋ ಸುಳ್ಳೋ ಎಂದು ಆ ತೀರ್ಪು ಹೇಳಲಿಲ್ಲ. ಆದರೂ ದೇಶದ ಮತದಾರರ ಹಕ್ಕಿನ ಮಾತಿಗೆ ನಮ್ಮ ಕ್ಷೇತ್ರದ ಹೆಸರು ಸೇರಿಕೊಂಡಿತು ಎನ್ನುವುದು ನನಗೆ ದೊಡ್ಡ ಸಂಗತಿ.

ಈಗ ಓದುವ ಬಗೆ ನೋಡೋಣ. ಮೊದಲು ಕೇಸುಗಳ ಕಾಲಂ ತೆಗೆಯಿರಿ. ಎಫ್‌ಐಆರ್ ನಂಬರ್, ಪೊಲೀಸ್ ಠಾಣೆ, ಕೋರ್ಟು, ಕಾನೂನಿನ ಕಲಂ, ಎಲ್ಲವೂ ಅಲ್ಲಿರುತ್ತವೆ. ಎಷ್ಟು ಕೇಸು ಎಂದು ಎಣಿಸಿ ನಿಲ್ಲಬೇಡಿ, ಯಾವ ಕೇಸು ಎಂದು ನೋಡಿ. ಹಳೆಯ ದಂಡ ಸಂಹಿತೆಯ 188 ಎಂದರೆ ಅಧಿಕಾರಿಯ ಆದೇಶ ಮೀರಿದ್ದು. ಧರಣಿ ಕೂತವರ ಮೇಲೂ ಇದು ಬೀಳುತ್ತಿತ್ತು. 420 ಎಂದರೆ ವಂಚನೆ. 307 ಎಂದರೆ ಕೊಲೆ ಯತ್ನ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಕಲಂ ನಂಬರುಗಳು ಬೇರೆ.

ಆಮೇಲೆ ಕೇಸು ಯಾವ ಹಂತದಲ್ಲಿದೆ ನೋಡಿ. ಬರೀ ಎಫ್‌ಐಆರ್ ಆಗಿದೆಯೋ, ಕೋರ್ಟು ದೋಷಾರೋಪ ಹೊರಿಸಿದೆಯೋ? ದೋಷಾರೋಪ ಎಂದರೆ, ವಿಚಾರಣೆ ನಡೆಸುವಷ್ಟು ಆಧಾರವಿದೆ ಎಂದು ನ್ಯಾಯಾಧೀಶರಿಗೆ ಕಂಡಿದೆ ಎಂದರ್ಥ. ಅದು ಶಿಕ್ಷೆಯಲ್ಲ, ಆದರೆ ಗಾಳಿಮಾತೂ ಅಲ್ಲ. ಶಿಕ್ಷೆಯಾಗಿದ್ದರೆ ಅದಕ್ಕೆ ಬೇರೆ ಕಾಲಂ ಇದೆ.

‘ಇಷ್ಟು ಕೇಸಿದ್ದರೂ ನಿಲ್ಲಲು ಬಿಡುವುದೇಕೆ?’ ಎಂದು ನೀವು ಕೇಳಬಹುದು. ನಮ್ಮ ಕಾನೂನಿನಲ್ಲಿ ಕೇಸು ಇದ್ದ ಮಾತ್ರಕ್ಕೆ ಅನರ್ಹತೆ ಇಲ್ಲ. ಸಾಮಾನ್ಯವಾಗಿ ಎರಡು ವರ್ಷ ಅಥವಾ ಹೆಚ್ಚು ಜೈಲುಶಿಕ್ಷೆಯಾದರೆ ಅನರ್ಹತೆ. ಬಿಡುಗಡೆಯಾದ ಮೇಲೂ ಆರು ವರ್ಷ ನಿಲ್ಲುವಂತಿಲ್ಲ. ಅಮೆರಿಕದಲ್ಲಿ ಅಷ್ಟೂ ಇಲ್ಲ. ಡೊನಾಲ್ಡ್ ಟ್ರಂಪ್ 2024ರ ಮೇ ತಿಂಗಳಲ್ಲಿ 34 ಆರೋಪಗಳಲ್ಲಿ ತಪ್ಪಿತಸ್ಥರೆಂದು ನ್ಯೂಯಾರ್ಕಿನಲ್ಲಿ ತೀರ್ಮಾನವಾಯಿತು. ನವೆಂಬರಿನಲ್ಲಿ ಅವರೇ ಅಧ್ಯಕ್ಷರಾಗಿ ಆರಿಸಿ ಬಂದರು. ಯಾರು ಯೋಗ್ಯರು ಎಂಬುದನ್ನು ಅಲ್ಲಿ ಮತದಾರರಿಗೇ ಬಿಟ್ಟಿದ್ದಾರೆ. ನಮ್ಮಲ್ಲಿ ರಾಷ್ಟ್ರಪತಿಯನ್ನು ನಾವು ನೇರ ಆರಿಸುವುದಿಲ್ಲ, ಶಾಸಕರು ಮತ್ತು ಸಂಸದರು ಆರಿಸುತ್ತಾರೆ. ನಾವು ಆರಿಸಿದವರ ಕೈಯಲ್ಲಿ ಆ ಆಯ್ಕೆಯೂ ಇದೆ.

ಮುಂದಿನದು ಆಸ್ತಿ. ಅಭ್ಯರ್ಥಿ, ಗಂಡ ಅಥವಾ ಹೆಂಡತಿ, ಅವರನ್ನು ಅವಲಂಬಿಸಿದವರು, ಎಲ್ಲರ ಲೆಕ್ಕವೂ ಇಲ್ಲಿ ಬರಬೇಕು. ಐದು ವರ್ಷ ತೆರಿಗೆ ಇಲಾಖೆಗೆ ತೋರಿಸಿದ ಆದಾಯ, ನಗದು, ಬ್ಯಾಂಕಿನ ಹಣ, ಒಡವೆ, ವಾಹನ, ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ ಇರುತ್ತವೆ. ನಮ್ಮ ಕಡೆಯವರು ಜಮೀನಿನ ಕಾಲಂ ಮೇಲೆ ಹೆಚ್ಚು ಹೊತ್ತು ಕೂರಬೇಕು. ನಿಮ್ಜ್ ಎಂಬ ಕೈಗಾರಿಕಾ ವಲಯಕ್ಕೆ ನ್ಯಾಲ್ಕಲ್, ಝರಾಸಂಗಂ ಮಂಡಲಗಳ ಹೊಲಗಳೇ ಹೋಗಿವೆ. ಭೂಮಿಯ ನಿರ್ಧಾರ ಮಾಡುವವರ ಭೂಮಿ ಎಲ್ಲಿದೆ ಎಂದು ತಿಳಿಯುವುದು ರೈತನಿಗೆ ಬೇಕಾದ ಸಂಗತಿ. ಕಾಲಂನಲ್ಲಿ ಸರ್ವೆ ನಂಬರ್, ಎಷ್ಟು ಎಕರೆ, ಪಿತ್ರಾರ್ಜಿತವೋ ಕೊಂಡದ್ದೋ, ಯಾವಾಗ ಎಷ್ಟಕ್ಕೆ ಕೊಂಡದ್ದು ಎಂದೆಲ್ಲ ಬರೆದಿರಬೇಕು.

ಹಿಂದೆಯೂ ನಿಂತವರಾದರೆ ಹಳೆಯ ಅಫಿಡವಿಟ್ ಪಕ್ಕಕ್ಕಿಟ್ಟು ನೋಡಿ. ರೂಪಾಯಿ ಎರಡು ಪಟ್ಟಾಯಿತು ಎಂದು ತಕ್ಷಣ ಸಂಶಯ ಬೇಡ. ಹೆದ್ದಾರಿ ಪಕ್ಕದ ಜಮೀನಿನ ಬೆಲೆ ತಾನಾಗಿ ಏರಬಹುದು. ಎಕರೆ ಹೆಚ್ಚಾಗಿದೆಯೇ ನೋಡಿ. ಹೆಚ್ಚಾಗಿದ್ದರೆ ತೋರಿಸಿದ ಆದಾಯಕ್ಕೆ ಅದು ಹೊಂದುತ್ತದೆಯೇ ನೋಡಿ.

ಖಾಲಿ ಬಿಟ್ಟ ಕಾಲಂ ಇದ್ದರೆ? ಹಾಗೆ ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಏನೂ ಇಲ್ಲದಿದ್ದರೆ ‘ಇಲ್ಲ’ ಎಂದಾದರೂ ಬರೆಯಬೇಕು. ಚುನಾವಣಾಧಿಕಾರಿ ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕಾರವಾಗಬಹುದು. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನನ್ನ ಮಟ್ಟಿಗೆ ಈ ಶಿಕ್ಷೆ ತೀರಾ ಕಡಿಮೆ. ಫಲಿತಾಂಶವನ್ನು ಪ್ರಶ್ನಿಸುವುದಾದರೆ 45 ದಿನಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಸೋತವರಷ್ಟೇ ಅಲ್ಲ, ಆ ಕ್ಷೇತ್ರದ ಮತದಾರರೂ ಹೋಗಬಹುದು.

ಕೇಸು ಇರುವ ಅಭ್ಯರ್ಥಿ ಪ್ರಚಾರದ ದಿನಗಳಲ್ಲಿ ಮೂರು ಸಲ ಪತ್ರಿಕೆ ಮತ್ತು ಟಿವಿಯಲ್ಲಿ ಅದನ್ನು ಪ್ರಕಟಿಸಬೇಕು. ಅಂಥವರಿಗೆ ಟಿಕೆಟ್ ಏಕೆ ಕೊಟ್ಟೆವು ಎಂದು ಪಕ್ಷವೂ ಬರೆದು ಹೇಳಬೇಕು. ‘ಗೆಲ್ಲುತ್ತಾರೆ’ ಎಂಬುದೊಂದೇ ಕಾರಣ ಸಾಲದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕಾರಣವನ್ನು ತಪ್ಪದೆ ಓದಿ.

ಎಲ್ಲಿ ಸಿಗುತ್ತದೆ? ಚುನಾವಣಾ ಆಯೋಗದ ‘ಕೆವೈಸಿ’ ಎಂಬ ಆ್ಯಪ್ ಸೌಲಭ್ಯ ಇದೆ. ‘ನಿಮ್ಮ ಅಭ್ಯರ್ಥಿಯನ್ನು ತಿಳಿಯಿರಿ’ ಎಂದು ಅದರ ಅರ್ಥ. ಬ್ಯಾಂಕಿನವರು ಕೇಳುವ ಕೆವೈಸಿ ಬೇರೆ, ಇಲ್ಲಿ ನಿಮ್ಮ ಆಧಾರ್ ನಂಬರ್ ಕೊಡಬೇಕಿಲ್ಲ. ‘ಅಫಿಡವಿಟ್ ಡಾಟ್ ಇಸಿಐ ಡಾಟ್ ಗೌ ಡಾಟ್ ಇನ್’ ಎಂಬ ಜಾಲತಾಣದಲ್ಲೂ ಇದೆ. ಫೋನ್ ಇಲ್ಲದಿದ್ದರೆ ಚುನಾವಣಾಧಿಕಾರಿ ಕಚೇರಿಯ ನೋಟಿಸ್ ಬೋರ್ಡ್ ನೋಡಿ. ಕಾಗದದಲ್ಲೇ ಬೇಕೆಂದರೆ ಜೆರಾಕ್ಸ್ ಅಂಗಡಿಯ ಪ್ರಿಂಟಿನ ಖರ್ಚಷ್ಟೇ. ಹುಡುಕುವಾಗ ಕ್ಷೇತ್ರ ತಪ್ಪಬೇಡಿ. ನ್ಯಾಲ್ಕಲ್‌ನವರಿಗೆ ವಿಧಾನಸಭೆಗೂ ಲೋಕಸಭೆಗೂ ಜಹೀರಾಬಾದ್. ನಾರಾಯಣಖೇಡದವರಿಗೆ ವಿಧಾನಸಭೆ ಬೇರೆ, ಲೋಕಸಭೆ ಜಹೀರಾಬಾದೇ. ತಾಂಡೂರಿನವರಿಗೆ ಲೋಕಸಭೆ ಚೇವೆಳ್ಳ. ಸರಪಂಚ್ ಚುನಾವಣೆ ರಾಜ್ಯ ಚುನಾವಣಾ ಆಯೋಗದ್ದು, ಅದರ ವಿವರ ಈ ಆ್ಯಪ್‌ನಲ್ಲಿ ಸಿಗದು.

ನಮಗೆ ದೊಡ್ಡ ತೊಡಕು ಭಾಷೆ. ಅಫಿಡವಿಟ್ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇಲ್ಲವೇ ತೆಲುಗಿನಲ್ಲಿ ಇರುತ್ತದೆ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಆ ಭಾಷೆಗಳನ್ನು ಕಲಿಯುವ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ಒಂದು ಸಂಜೆ ಮಗಳನ್ನೋ ಮೊಮ್ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಜೋರಾಗಿ ಓದಿಸಿ. ಪೂರ್ತಿ ಓದಲು ಹೊತ್ತಿಲ್ಲವೆಂದರೆ ಕೊನೆಯ ‘ಭಾಗ ಬಿ’ ಓದಿಸಿ. ಎಲ್ಲದರ ಸಾರ ಅಲ್ಲಿ ಕಡಿಮೆ ಪುಟಗಳಲ್ಲಿರುತ್ತದೆ.