ಹೊಗೆಯೋ, ಮಂಜೋ? ಯಂತ್ರೋಪಕರಣಗಳ ಮೇಲಿನ ಒಂದು ಆರೋಪವೂ ಪ್ರಮಾಣವಿಚಾರವೂ

ಪರ್ವತದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ನ್ಯಾಯಶಾಸ್ತ್ರದ ಸುಪ್ರಸಿದ್ಧ ಉದಾಹರಣೆ. ಆದರೆ ಶಾಸ್ತ್ರಕಾರರು ಅಷ್ಟಕ್ಕೇ ನಿಲ್ಲಲಿಲ್ಲ. ಕಂಡದ್ದು ಹೊಗೆಯಲ್ಲದೆ ಮಂಜೋ ಧೂಳೋ ಆಗಿದ್ದ ಪಕ್ಷದಲ್ಲಿ ಊಹೆಯ ಬುಡವೇ ಕುಸಿಯುತ್ತದೆಂಬ ಎಚ್ಚರಿಕೆಯನ್ನೂ ಅವರು ಕೊಟ್ಟಿದ್ದಾರೆ. ಬೆಂಕಿಯಿಲ್ಲದೆ ಹೊಗೆಯಾಡದೆಂಬ ಮೊದಲನೆಯ ಮಾತು ಜನರ ನಾಲಗೆಯಲ್ಲಿ ಗಾದೆಯಾಗಿ ಉಳಿಯಿತು. ಎರಡನೆಯದು ಪಂಡಿತರ ಪಾಠದಲ್ಲೇ ಉಳಿಯಿತು. ಇದರ ಪರಿಣಾಮವೇನೆಂಬುದನ್ನು 2018ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಎದ್ದ ಒಂದು ವಿವಾದವು ಚೆನ್ನಾಗಿ ತೋರಿಸುತ್ತದೆ.

ಆ ತಿಂಗಳ 4ರಂದು ‘ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್’ ಪತ್ರಿಕೆಯು ಒಂದು ದೀರ್ಘ ಲೇಖನವನ್ನು ಪ್ರಕಟಿಸಿತು. ಕ್ಯಾಲಿಫೋರ್ನಿಯದ ಸೂಪರ್‌ಮೈಕ್ರೋ ಸಂಸ್ಥೆಯ ಸರ್ವರ್‌ಗಳಿಗೆಂದು ಮದರ್‌ಬೋರ್ಡುಗಳು ಚೀನದಲ್ಲಿ ತಯಾರಾಗುತ್ತಿದ್ದಾಗ, ಆ ದೇಶದ ಸೈನ್ಯದ ಗೂಢಚಾರರು ಅವುಗಳಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಚಿಪ್ ಒಂದನ್ನು ಅಡಗಿಸಿದರೆಂದೂ, ಆಪಲ್ ಮತ್ತು ಅಮೆಜಾನ್ ಸೇರಿದಂತೆ ಸುಮಾರು 30 ಸಂಸ್ಥೆಗಳು ಇದಕ್ಕೆ ಗುರಿಯಾದವೆಂದೂ ಅದು ಸಾರಿತು. ಆಧಾರವೆಂದರೆ ಹೆಸರನ್ನು ಮರೆಸಿದ 17 ಮಂದಿಯ ಮಾತು. ದೋಷಯುಕ್ತವಾದ ಬೋರ್ಡನ್ನಾಗಲಿ ಅದರ ಪರೀಕ್ಷಾವರದಿಯನ್ನಾಗಲಿ ಪತ್ರಿಕೆಯು ಮುಂದಿಡಲಿಲ್ಲ.

ಇಂಥ ಕೃತ್ಯವು ಅಸಾಧ್ಯವೇನಲ್ಲ. ಸರ್ವರಿನ ಮದರ್‌ಬೋರ್ಡಿನಲ್ಲಿ ಮುಖ್ಯ ಗಣಕದಿಂದ ಸ್ವತಂತ್ರವಾಗಿ ಕೆಲಸ ಮಾಡುವ ಒಂದು ಕಿರುಗಣಕವಿರುತ್ತದೆ. ದೂರದಲ್ಲಿ ಕುಳಿತ ನಿರ್ವಾಹಕನು ಯಂತ್ರವನ್ನು ಚಾಲೂ ಮಾಡಲು, ನಿಲ್ಲಿಸಲು, ಅದರ ತಂತ್ರಾಂಶವನ್ನು ಬದಲಿಸಲು ಈ ಕಿರುಗಣಕವೇ ಸಾಧನ. ಅದು ತನ್ನ ಆದೇಶಗಳನ್ನು ಪಕ್ಕದ ಸ್ಮೃತಿಕೋಶದಿಂದ ಓದಿಕೊಳ್ಳುವ ದಾರಿಯಲ್ಲಿ ಒಂದು ಚಿಪ್ ನುಸುಳಿ ಕೆಲವು ಸಂಕೇತಗಳನ್ನು ತಿದ್ದಿದರೆ, ಇಡೀ ಯಂತ್ರವು ಪರರ ವಶವಾಗಬಹುದು. ಟ್ರಾಮೆಲ್ ಹಡ್ಸನ್ ಎಂಬ ಸಂಶೋಧಕರು ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಸಮ್ಮೇಳನವೊಂದರಲ್ಲಿ ಈ ಬಗೆಯ ಪ್ರಯೋಗವನ್ನು ವಿವರಿಸಿದರು. ಆದರೆ ಸಾಧ್ಯವೆಂಬುದು ಬೇರೆ, ಸಿದ್ಧವೆಂಬುದು ಬೇರೆ. ಕಳ್ಳನು ಗೋಡೆಗೆ ಕನ್ನ ಕೊರೆಯಬಲ್ಲನೆಂದ ಮಾತ್ರಕ್ಕೆ ಇಂಥ ಮನೆಗೆ ಕನ್ನ ಬಿದ್ದಿದೆಯೆಂದು ಹೇಳಲು ಬರುವುದಿಲ್ಲ.

ಸೂಪರ್‌ಮೈಕ್ರೋ, ಆಪಲ್, ಅಮೆಜಾನ್ ಮೂರೂ ಆರೋಪವನ್ನು ನಿರಾಕರಿಸಿದವು. ಈ ಸಂಸ್ಥೆಗಳ ಹೇಳಿಕೆಯನ್ನು ಸಂಶಯಿಸಲು ಕಾರಣವಿಲ್ಲವೆಂದು ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರವೂ ಅಮೆರಿಕದ ಆಂತರಿಕ ಭದ್ರತಾ ಇಲಾಖೆಯೂ ಕೆಲವೇ ದಿನಗಳಲ್ಲಿ ತಿಳಿಸಿದವು. ಆದರೆ ಪೇಟೆಯು ಯಾರಿಗೂ ಕಾಯಲಿಲ್ಲ. ಸೂಪರ್‌ಮೈಕ್ರೋದ ಷೇರು ಲೇಖನ ಹೊರಬಿದ್ದ ದಿನವೇ ಶೇ. 40ಕ್ಕೂ ಮಿಕ್ಕಿ ಇಳಿಯಿತು. ಸೂಪರ್‌ಮೈಕ್ರೋ ತನಗೆ ಸರಬರಾಜುದಾರನೇ ಅಲ್ಲವೆಂದು ಹೇಳಿದ ಚೀನದ ಲೆನೊವೊ ಸಂಸ್ಥೆಯ ಷೇರು ಸಹ ಮರುದಿನ ಹಾಂಗ್‌ಕಾಂಗಿನಲ್ಲಿ ಸುಮಾರು ಶೇ. 15ರಷ್ಟು ಬಿದ್ದಿತು.

ಜನರ ಪ್ರತಿಕ್ರಿಯೆಯಲ್ಲಿ ಮೂರು ಧೋರಣೆಗಳನ್ನು ಗುರುತಿಸಬಹುದು. ಮೊದಲನೆಯವರು ತಕ್ಷಣವೇ ನಂಬಿದರು. ಇದಕ್ಕೆ ಹಿನ್ನೆಲೆಯಿಲ್ಲದೆ ಇರಲಿಲ್ಲ: ಸಾಗಣೆಯಲ್ಲಿದ್ದ ಜಾಲೋಪಕರಣಗಳನ್ನು ಅಮೆರಿಕದ ಗೂಢಚಾರ ಸಂಸ್ಥೆಯೇ ನಡುದಾರಿಯಲ್ಲಿ ತಡೆದು ಮಾರ್ಪಡಿಸುತ್ತಿತ್ತೆಂಬುದು ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ದಾಖಲೆಗಳಿಂದ 2014ರಲ್ಲಿ ತಿಳಿದುಬಂದಿತ್ತು. ಅಂದು ದಾಖಲೆಯೂ ಛಾಯಾಚಿತ್ರವೂ ಇದ್ದವು. ಇಂದು ಅವು ಇಲ್ಲವೆಂಬ ಭೇದವು ಮಾತ್ರ ಇವರ ಲಕ್ಷ್ಯಕ್ಕೆ ಬರಲಿಲ್ಲ. ಎರಡನೆಯವರು ಎಲ್ಲವೂ ಕಟ್ಟುಕಥೆಯೆಂದು ತಳ್ಳಿಹಾಕಿದರು. ಮೂರನೆಯವರು, ಬಹುಮಟ್ಟಿಗೆ ಯಂತ್ರಜ್ಞರು, ಒಂದೇ ಪ್ರಶ್ನೆಯನ್ನು ಕೇಳಿದರು: ‘ಆ ಬೋರ್ಡು ಎಲ್ಲಿ?’

ಈ ಪ್ರಶ್ನೆಯ ಬಲವನ್ನು ಮೀಮಾಂಸಕರ ಅನುಪಲಬ್ಧಿ ಪ್ರಮಾಣವು ಸ್ಪಷ್ಟಪಡಿಸುತ್ತದೆ. ಇದ್ದಿದ್ದರೆ ಕಾಣಲೇಬೇಕಾದ ವಸ್ತುವು ಹುಡುಕಿದರೂ ಕಾಣದಿದ್ದಾಗ, ಆ ಕಾಣದಿರುವಿಕೆಯೇ ಅಭಾವಕ್ಕೆ ಪ್ರಮಾಣ. ಬೋರ್ಡುಗಳು ಮೊದಲಿನ ನಕ್ಷೆಯೊಡನೆ ಹೋಲಿಸಿ, ಕ್ಷಕಿರಣದಿಂದ ಪರೀಕ್ಷಿಸಿ ನೋಡಬಹುದಾದ ವಸ್ತುಗಳು. ಸೂಪರ್‌ಮೈಕ್ರೋ ನೇಮಿಸಿದ ಹೊರಗಿನ ತನಿಖಾಸಂಸ್ಥೆಗೆ ಅಂಥ ಚಿಪ್ಪಿನ ಕುರುಹು ದೊರೆಯಲಿಲ್ಲವೆಂದು 2018ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಪತ್ರಿಕೆಯು ತನ್ನ ಮಾತನ್ನು ಹಿಂತೆಗೆದುಕೊಳ್ಳದೆ 2021ರ ಫೆಬ್ರವರಿಯಲ್ಲಿ ಮತ್ತೊಂದು ಲೇಖನವನ್ನು ಬರೆಯಿತು. ಆಗಲೂ ಬೋರ್ಡು ಸಾರ್ವಜನಿಕರ ಎದುರಿಗೆ ಬರಲಿಲ್ಲ. ಸಂಸ್ಥೆಯೇ ನೇಮಿಸಿದ ತನಿಖೆ ಕೊನೆಯ ಮಾತಲ್ಲವೆಂಬುದೂ, ವಿರಳವಾಗಿ ಅಡಗಿಸಿದ ವಸ್ತುವು ಹುಡುಕುವವರ ಕೈಗೆ ಸಿಕ್ಕದಿರಬಹುದೆಂಬುದೂ ದಿಟ. ಆದ್ದರಿಂದ ಆರೋಪವು ಸುಳ್ಳೆಂದು ಸಿದ್ಧವಾಯಿತೆನ್ನಲಾಗದು, ಸಿದ್ಧವಾಗಿಲ್ಲವೆಂದಷ್ಟೇ ಹೇಳಬೇಕು. ಸಿದ್ಧಪಡಿಸುವ ಹೊಣೆಯಾದರೋ ಆರೋಪಿಸಿದವರದು.

ಇಂಥ ಕಡೆ ಆತುರದ ನಂಬಿಕೆಯಿಂದ ಆಗುವ ಕೇಡು ಎರಡು ಬಗೆಯದು. ನಿರಪರಾಧಿಯಾಗಿರಬಹುದಾದ ಸಂಸ್ಥೆಯೊಂದರ ಹೆಸರೂ, ಅದನ್ನು ನಂಬಿ ದುಡಿಯುವವರ ಬದುಕೂ ಒಂದೇ ದಿನದಲ್ಲಿ ಅಲುಗಾಡುತ್ತವೆ. ಅಲ್ಲದೆ, ಮಂಜನ್ನು ಹೊಗೆಯೆಂದು ಕೂಗಿದ ಊರಿನಲ್ಲಿ ನಿಜವಾಗಿ ಬೆಂಕಿ ಬಿದ್ದ ದಿನ ಯಾರೂ ಕೊಡ ಹಿಡಿದು ಓಡಿಬರುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ಕನ್ನಡದ ಗಾದೆಯು ಹೇಳುತ್ತದೆ. ಪ್ರತ್ಯಕ್ಷವೂ ಇಲ್ಲದೆ ಕೇವಲ ಅಜ್ಞಾತರ ಶಬ್ದವೇ ಆಧಾರವಾಗಿರುವಲ್ಲಿ ಈ ಹಿತವಚನವು ಇನ್ನೂ ಹೆಚ್ಚಾಗಿ ಸಲ್ಲುತ್ತದೆ.