ಶನಿವಾರದ ಕಡ

ವಾರದ ಹೆಸರನ್ನೇ ತಮ್ಮ ಹೆಸರಾಗಿ ಪಡೆದ ಊರುಗಳು ನಮ್ಮ ನಾಡಿನಲ್ಲಿ ಅಪರೂಪವೇನಲ್ಲ. ಕೊಡಗಿನ ಉತ್ತರಭಾಗದಲ್ಲಿಯೇ ಅಂಥವು ಎರಡಿವೆ. ಒಂದು ಸೋಮವಾರಪೇಟೆ, ಇನ್ನೊಂದು, ಅದೇ ತಾಲ್ಲೂಕಿಗೆ ಸೇರಿ ಹಾಸನ ಜಿಲ್ಲೆಯ ಗಡಿಯ ಬಳಿ ಇರುವ ಶನಿವಾರಸಂತೆ. ಸಮೀಪದ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ, ಹನ್ನೊಂದನೆಯ ಶತಮಾನದ ಬಸದಿಗಳಿವೆ; ಇತಿಹಾಸಪ್ರಿಯರು ಅವನ್ನು ಹುಡುಕಿಕೊಂಡು ಬರುತ್ತಾರೆ. ಮಂಜನ್ನು ನೋಡುವವರು ಮಡಿಕೇರಿಗೆ ಹೋಗುತ್ತಾರೆ. ಶನಿವಾರಸಂತೆಗೆ ಬರುವವರು ಉಪ್ಪು, ಒಣಮೀನು, ಕತ್ತಿ, ಬೆಲ್ಲ, ವೀಳ್ಯದೆಲೆಗಳಿಗಾಗಿ ಬರುವವರು. ಕ್ಯಾಮರಾ ಹಿಡಿದು ಬರುವವರು ಕಡಮೆ. ಆದುದರಿಂದಲೇ ಕ್ಯಾಮರಾದ ಪಾಠಕ್ಕೆ ಇದು ತಕ್ಕ ಊರೆಂದು ನನಗೆ ತೋರುತ್ತದೆ.

ಕನ್ನಡ ಬೋಧಿಸುವವನಿಗೂ ಛಾಯಾಚಿತ್ರಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ಗ್ರಾಮಜೀವನವನ್ನು ಕುರಿತು ಪ್ರಬಂಧ ಬರೆಯಿರೆಂದರೆ ನನ್ನ ವಿದ್ಯಾರ್ಥಿಗಳು, ತಾವೇ ಹಳ್ಳಿಗಳಿಂದ ಬಂದವರಾಗಿಯೂ, ಹಚ್ಚ ಹಸುರು, ಮುಗ್ಧ ಜನ, ಸರಳ ಬಾಳು ಎಂದು ಬರೆದು ಮುಗಿಸುತ್ತಿದ್ದರು. ಆ ಮಾತುಗಳ ಹಿಂದೆ ಕಣ್ಣಿನ ಕೆಲಸವಿರಲಿಲ್ಲ. ಅದಕ್ಕಾಗಿ ಹತ್ತು ಹನ್ನೆರಡು ಮಂದಿಗೆ ವಾರಕ್ಕೊಂದು ಚಿತ್ರದ ಪಂಥವನ್ನು ಒಡ್ಡಿದೆ. ನಿಯಮಗಳು ಐದು. ಚಿತ್ರ ಸಂತೆಯ ದಿನದ್ದಾಗಿರಬೇಕು. ಮಂಜು, ಸೂರ್ಯಾಸ್ತ, ಕಾಫಿಯ ಹೂ ಕೂಡದು. ಒಂದು ದಿನಕ್ಕೆ 12 ಚಿತ್ರಗಳಷ್ಟೇ; ಹಿಂದೆ ಚೌಕಾಕಾರದ ಚಿತ್ರ ತೆಗೆಯುತ್ತಿದ್ದ ಕ್ಯಾಮರಾಗಳಲ್ಲಿ 120ರ ಸುರುಳಿಯೊಂದು ಕೊಡುತ್ತಿದ್ದುದು ಅಷ್ಟನ್ನೇ. ಆರಿಸಿದ ಒಂದರ ಕೆಳಗೆ ಐದು ವಾಕ್ಯ ಬರೆಯಬೇಕು. ಕಡೆಯದಾಗಿ, ಚಿತ್ರದಲ್ಲಿರುವವರಿಗೆ ಮುಂದಿನ ಶನಿವಾರ ಅದರ ಪ್ರತಿಯನ್ನು ಮುದ್ರಿಸಿ ತಂದುಕೊಡಬೇಕು.

ಮೊದಲು ಎದುರಾದುದು ಬೆಳಕಿನ ತೊಡಕು. ಸಂತೆ ನೆರೆಯುವುದು ಹೊತ್ತೇರಿದ ಮೇಲೆ. ನಮ್ಮ ಸೀಮೆಯಲ್ಲಿ ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಹುಬ್ಬಿನ ನೆರಳು ಕಣ್ಣಿಗೆ ಬಿದ್ದು ಮುಖದಲ್ಲಿ ಎರಡು ಕಪ್ಪು ಗುಳಿಗಳು ಮಾತ್ರ ಉಳಿಯುತ್ತವೆ. ಮಳೆಗಾಲದಲ್ಲಿ ಮಸೂರದ ಮೇಲೆ ಹಬೆ ಕಟ್ಟುತ್ತದೆ. ಅಂಗಡಿಗಳ ಮೇಲೆ ಕಟ್ಟಿದ ನೀಲಿ ಟಾರ್ಪಾಲಿನಿಂದ ಇಳಿದ ಬೆಳಕು ಬದನೆಕಾಯಿಯನ್ನೂ ಮಾರುವವಳ ಕೆನ್ನೆಯನ್ನೂ ಒಂದೇ ಬಣ್ಣಕ್ಕೆ ತರುತ್ತದೆ. ಕೆಲವರು ಟಾರ್ಪಾಲಿನ ಅಂಚಿಗೆ ಸರಿದು, ಹೊರಗಿನ ಬಿಳಿಯ ಬೆಳಕು ಮುಖಕ್ಕೆ ತಾಕುವ ಜಾಗವನ್ನು ಕಂಡುಕೊಂಡರು. ಒಬ್ಬ ವಿದ್ಯಾರ್ಥಿನಿ ಮಾತ್ರ ನೀಲಿಯನ್ನು ಹಾಗೆಯೇ ಉಳಿಸಿ, ಈ ಹೆಂಗಸು ದಿನವಿಡೀ ಕೂರುವುದು ಈ ಬಣ್ಣದೊಳಗೆ ಎಂದು ಕೆಳಗೆ ಬರೆದಳು. ಬೆಳಕಿನ ದೋಷವೆಂದು ನಾನು ಗುರುತು ಹಾಕಲು ಹೊರಟಿದ್ದ ಚಿತ್ರಕ್ಕೆ ಆ ಒಂದು ವಾಕ್ಯ ಅರ್ಥ ತಂದಿತು.

ವಾರಗಳು ಕಳೆದಂತೆ ಋತುಗಳು ಬುಟ್ಟಿಯಲ್ಲಿ ಕಾಣತೊಡಗಿದುವು. ಆಷಾಢದಲ್ಲಿ ಕಳಲೆ, ಅಣಬೆ, ಕೆಸುವಿನ ಎಲೆ; ಹುತ್ತರಿ ಕಳೆದ ಮೇಲೆ ಹೊಸ ಅಕ್ಕಿ; ಬೇಸಿಗೆಗೆ, ಕೊಯಿಲಾದ ಗದ್ದೆಗಳಲ್ಲಿ ಬೆಳೆದ ಹಸಿಮೆಣಸಿನಕಾಯಿ. ಜೊತೆಗೆ ಮಾತುಗಳೂ ಬಂದುವು. ಐದು ವಾಕ್ಯ ಬರೆಯಬೇಕಾದರೆ ಕಂಡುದರ ಹೆಸರು ತಿಳಿಯಬೇಕಷ್ಟೆ! ಎಲೆಯ ಕಟ್ಟಿಗೆ ಕವಳಿಗೆ ಎನ್ನುತ್ತಾರೆ, ಕುಕ್ಕೆ ಬೇರೆ ಮಂಕರಿ ಬೇರೆ, ಪಾವು ಸೇರುಗಳು ಅಳತೆಯಿಂದ ಹೋದರೂ ಅಜ್ಜಿಯರ ಬಾಯಿಂದ ಹೋಗಿಲ್ಲ—ಇವನ್ನೆಲ್ಲ ನಿಘಂಟು ತೆರೆಯದೆ ಹುಡುಗರು ಕಲಿತರು.

ಅಪರಿಚಿತರ ಮುಖವನ್ನು ಕ್ಯಾಮರಾದಲ್ಲಿ ಹಿಡಿಯುವ ಕಾರ್ಯಕ್ಕೆ ನಮ್ಮ ದೇಶದಲ್ಲಿ ಹಳೆಯ ಚರಿತ್ರೆಯಿದೆ, ಅದೆಲ್ಲವೂ ಹೆಮ್ಮೆಪಡುವಂಥದಲ್ಲ. 1868ರಿಂದ 1875ರವರೆಗೆ ಬ್ರಿಟಿಷ್ ಆಡಳಿತ ‘ಭಾರತದ ಜನ’ ಎಂಬರ್ಥದ ಹೆಸರಿನ ಎಂಟು ಚಿತ್ರಸಂಪುಟಗಳನ್ನು ಹೊರತಂದಿತು. 1909ರಲ್ಲಿ ಎಡ್ಗರ್ ಥರ್ಸ್ಟನ್ನನು ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳನ್ನು ಪ್ರಕಟಿಸಿದನು. ಕೊಡಗರೂ ಅದರಲ್ಲಿ ಬರುತ್ತಾರೆ. ಅಲ್ಲಿಯ ಅನೇಕ ಚಿತ್ರಗಳ ಕೆಳಗೆ ಕುಲದ ಹೆಸರಿದೆ, ವ್ಯಕ್ತಿಯ ಹೆಸರಿಲ್ಲ. ಮಾದರಿಯಾಗಿ ನಿಂತವರಿಗೆ ಪ್ರತಿಯೊಂದನ್ನು ಕೊಡಬೇಕೆಂಬ ಯೋಚನೆ ಆ ಯೋಜನೆಗೆ ಹೊರಗಿನದು.

ಇದಕ್ಕೆ ಎದುರಾಗಿ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ನೆನಪಾಗುತ್ತಾರೆ. ಕೊಡಗರ ಧರ್ಮ, ಸಮಾಜಗಳನ್ನು ಕುರಿತ ಅವರ ಗ್ರಂಥ ಬಂದುದು 1952ರಲ್ಲಿ. ಅದಕ್ಕೆ ಮೊದಲು, 1948ರಲ್ಲಿ, ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಯಾಮರಾದೊಂದಿಗೆ ನೆಲೆಸಿದ್ದರು. ತಮ್ಮ ಬರಹದಲ್ಲಿ ಅದನ್ನು ರಾಂಪುರವೆಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಯಿಂದ ಅವರ ಟಿಪ್ಪಣಿಗಳು ಸುಟ್ಟುಹೋದ ಮೇಲೆ, ನೆನಪನ್ನು ಆಧರಿಸಿ ಬರೆದ ಆ ಹಳ್ಳಿಯ ಕಥನ 1976ರಲ್ಲಿ ಪ್ರಕಟವಾಯಿತು. ಹಳ್ಳಿಗರ ಬಾಯಲ್ಲಿ ತಮ್ಮ ‘ಕ್ಯಾಮರಾ’ ‘ಚಾಮರ’ವಾದುದನ್ನು ಅವರು ಅದರಲ್ಲಿ ಸ್ಮರಿಸಿದ್ದಾರೆ. ಚಾಮರವು ದೇವರಿಗೂ ಅರಸರಿಗೂ ಬೀಸುವ ಸೇವೆಯ ಸಾಧನ. ಹಳ್ಳಿಗರು ತಿಳಿಯದೆ ಇಟ್ಟ ಆ ಹೆಸರನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿದಾಗ ಅವರು ನಕ್ಕರು. ಐದನೆಯ ನಿಯಮದ ತಿರುಳು ಆ ಹೆಸರಿನಲ್ಲಿಯೇ ಇದೆಯೆಂದು ನಾನೆಂದೆ.

ಸಂತೆಯಲ್ಲಿ ಕಡದ ವ್ಯವಹಾರ ಇಂದಿಗೂ ಉಂಟು. ಪರಿಚಿತನಿಗೆ ಹಣ ಸಾಲದೆ ಹೋದರೆ ಮುಂದಿನ ವಾರ ಕೊಡು ಎನ್ನುತ್ತಾರೆ. ಸಾಕ್ಷಿ, ಪತ್ರ ಇಲ್ಲ. ಕೊಟ್ಟವನೂ ಕೊಂಡವನೂ ಬರುವ ಶನಿವಾರ ಅದೇ ಜಾಗಕ್ಕೆ ಬರುವರೆಂಬುದೇ ಭರವಸೆ. ಚಿತ್ರವೂ ಅಂಥ ಒಂದು ಕಡ. ದಾರಿಹೋಕನಾದ ಪ್ರವಾಸಿ ಮುಖವನ್ನು ಕೊಂಡೊಯ್ದರೆ ಕೇಳುವವರಿಲ್ಲ. ವಾರ ವಾರ ಬರುವವನು ಅದನ್ನು ತೀರಿಸಲೇಬೇಕು. ಕೇಳಿ ತೆಗೆದ ಚಿತ್ರದಲ್ಲಿ ಸಹಜತೆ ಇರದೆಂದು ವಾದಿಸಿದ ಹುಡುಗರೂ ಒಂದು ವಿಷಯವನ್ನು ಕಂಡುಕೊಂಡರು: ಮೂರನೆಯ ಶನಿವಾರದ ಹೊತ್ತಿಗೆ ಕ್ಯಾಮರಾ ಕಂಡು ಸೆರಗು ಸರಿಪಡಿಸುವವರು ಯಾರೂ ಉಳಿದಿರಲಿಲ್ಲ.

ಎಲೆ ಮಾರುವ ವೃದ್ಧೆಯೊಬ್ಬರಿಗೆ ಒಬ್ಬ ವಿದ್ಯಾರ್ಥಿನಿ ಪ್ರತಿಯನ್ನು ಕೊಟ್ಟಾಗ ನಾನು ಪಕ್ಕದಲ್ಲಿದ್ದೆ. ಆಕೆ ಅದನ್ನು ಬಹಳ ಹೊತ್ತು ನೋಡಿ, “ಇದು ನಾನಲ್ಲ ಕಣವ್ವ, ನಮ್ಮವ್ವ” ಎಂದರು. ಹುಡುಗಿ ಗಾಬರಿಯಾಗಿ, “ನೀವೇ ಅಜ್ಜಿ, ಹೋದ ವಾರ ತೆಗೆದದ್ದು” ಎಂದಳು. “ಗೊತ್ತವ್ವ. ನಮ್ಮವ್ವಂದು ಒಂದು ಪಟಾನೂ ಇಲ್ಲ. ಇದ್ರಲ್ಲಿ ಅವಳೇ ಕೂತವ್ಳೆ ನೋಡು.” ಪ್ರತಿಯನ್ನು ಎಲೆಅಡಿಕೆ ಚೀಲಕ್ಕೆ ಸೇರಿಸಿ, ಹಣ ಬೇಡವೆಂದು ಒಂದು ಕವಳಿಗೆ ಎಲೆಯನ್ನು ಹುಡುಗಿಯ ಕೈಗಿಟ್ಟರು.

ಎಲ್ಲರೂ ಹೀಗೆ ಒಪ್ಪುವವರಲ್ಲ. ಬಟವಾಡೆಯ ಹಣ ಹಿಡಿದು ಸಂತೆಗೆ ಬಂದಿದ್ದ ತೋಟದ ಕೆಲಸಗಾರನೊಬ್ಬನು ಚಿತ್ರಕ್ಕೆ ಸುತರಾಂ ಒಪ್ಪಲಿಲ್ಲ. “ಬೇಡಿ ಸಾರ್. ಕೆಲಸ ಬಿಟ್ಟು ಮಧ್ಯಾಹ್ನಕ್ಕೇ ಇಲ್ಲಿದ್ದೆ ಅಂತ ಸಾಹುಕಾರ್ರಿಗೆ ಗೊತ್ತಾದ್ರೆ ಅರ್ಧ ದಿನದ ಕೂಲಿ ಹೋಯ್ತದೆ” ಎಂದನು. ನಮಗೆ ನಿತ್ಯಜೀವನದ ದೃಶ್ಯವಾದದ್ದು ಆತನಿಗೆ ಸಾಕ್ಷ್ಯವಾಗಬಹುದಾಗಿತ್ತು. ಆ ವಾರ ಆ ವಿದ್ಯಾರ್ಥಿ ಹಾಳೆಯಲ್ಲಿ ಚಿತ್ರದ ಜಾಗವನ್ನು ಖಾಲಿ ಬಿಟ್ಟು, ಆಳಿನ ಹೆಸರು, ತೋಟದ ಗುರುತು ಯಾವುದನ್ನೂ ಹೇಳದೆ ಐದು ವಾಕ್ಯ ಬರೆದು ತಂದನು. ಅದನ್ನು ಪಂಥ ಸೋತದ್ದೆಂದು ನಾನು ಎಣಿಸಲಿಲ್ಲ.

ಇನ್ನೊಬ್ಬನು ಹಸಿಮೆಣಸಿನಕಾಯಿಯ ರಾಶಿಯನ್ನು ಬಲು ಸೊಗಸಾಗಿ ತೆಗೆದಿದ್ದನು. ಬೆಳೆದಾತ ಪ್ರತಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ, “ಚೆಂದ ಬಂದದೆ ಮೇಷ್ಟ್ರೇ. ರೇಟು ಎಲ್ಲಿ ಕಾಣ್ತದೆ ಇದ್ರಲ್ಲಿ?” ಎಂದು ನನ್ನನ್ನು ಕೇಳಿದನು. ರಾಶಿ ದೊಡ್ಡದಾದಷ್ಟೂ ಬೆಲೆ ಇಳಿಯುವ ವ್ಯಾಪಾರವದು. ಚಿತ್ರದಲ್ಲಿ ಸಮೃದ್ಧಿಯೆಂದು ಕಂಡ ಹಸುರು, ಕೊಯ್ದ ಕೂಲಿಯೂ ಹುಟ್ಟದ ದಿನದ ಹಸುರಾಗಿರಬಹುದು. ಕಣ್ಣು ಕಾಣದ ಈ ಸಂಗತಿಯನ್ನು ಹೇಳಬೇಕಾದುದು ಕೆಳಗಿನ ಐದು ವಾಕ್ಯಗಳು. ಅಂದಿನಿಂದ ಸರಕಿನ ಚಿತ್ರದಡಿಯಲ್ಲಿ ಆ ದಿನದ ಧಾರಣೆ, ಕೊಯ್ದವರ ಕೂಲಿ, ಬಂದ ದಾರಿಯ ದೂರ ಇವು ಕಡ್ಡಾಯವಾದುವು. ಗ್ರಾಮಜೀವನದ ಪ್ರಬಂಧದಿಂದ ‘ಸರಳ’ ಎಂಬ ಮಾತು ತಾನಾಗಿ ಉದುರಿಹೋಯಿತು.

ಅಧ್ಯಾಪಕ ಮಿತ್ರರು ತಮ್ಮ ಊರಿನ ಸಂತೆಯಲ್ಲಿ ಇದನ್ನು ಪ್ರಯೋಗಿಸಿ ನೋಡಬಹುದು. ಬೆಲೆಬಾಳುವ ಕ್ಯಾಮರಾ ಬೇಕಿಲ್ಲ. ಜೇಬಿನ ಫೋನು ಸಾಕು. ಮೊದಲ ಎರಡು ವಾರ ಮಾತ್ರ ಅದನ್ನು ಹೊರತೆಗೆಯದೆ, ಕೈಚೀಲ ಹಿಡಿದು ಹೋಗಿ, ಸೊಪ್ಪೋ ಬೆಲ್ಲವೋ ಕೊಂಡು, ಚೌಕಾಸಿ ಮಾಡಿ, ಮಾತಾಡಿಸಿ ಬರುವಂತೆ ಹುಡುಗರಿಗೆ ತಿಳಿಸಿದರೆ ಒಳ್ಳೆಯದು. ಪ್ರತಿಗಳನ್ನು ಮುದ್ರಿಸಲು ಒಂದಿಷ್ಟು ಹಣವನ್ನು ಮೊದಲೇ ತೆಗೆದಿರಿಸಿಕೊಳ್ಳಬೇಕು. ನಮ್ಮ ಲೆಕ್ಕದ ಪುಸ್ತಕದಲ್ಲಿ ಈ ವಾರ ಮೂರು ಪ್ರತಿಗಳು ಬಾಕಿಯಿವೆ, ಶನಿವಾರಕ್ಕೆ ತೀರಬೇಕು.