ಕಬ್ಬಿಣದಲ್ಲಿ ಬೆಳ್ಳಿಗೆ ಎಡೆ

ಕಮ್ಮಾರನ ವಿದ್ಯೆಗೆ ಬೆಂಕಿಯೇ ಗುರು. ಕಾದು ಕೆಂಪಾದ ಕಬ್ಬಿಣ ಆರುವ ಮುನ್ನ ಏಟು ಬೀಳಬೇಕು. ತಡೆದ ಕೈಗೆ ಅಲ್ಲಿ ಕ್ಷಮೆಯಿಲ್ಲ. ಹೀಗೆ ಅವಸರವನ್ನೇ ಶಿಸ್ತಾಗಿ ಕಲಿತ ಕೈಗೆ, ತಣ್ಣನೆಯ ಲೋಹದಲ್ಲಿ ಬೆಳ್ಳಿಯ ಎಳೆಯನ್ನು ಕೂಡಿಸುವ ಕುಸುರಿ ಒಗ್ಗೀತೆ? ನಮ್ಮೂರಿನ ಕಮ್ಮಾರನೊಬ್ಬನ ಪ್ರಯತ್ನವನ್ನು ಹತ್ತಿರದಿಂದ ಕಂಡ ನನಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ.

ಟ್ರ್ಯಾಕ್ಟರುಗಳು ಬಂದು ನೇಗಿಲ ಕುಳಕ್ಕೆ ಗಿರಾಕಿಯಿಲ್ಲದಾದಾಗ, ನಲವತ್ತು ದಾಟಿದ ಆತ ಬೀದರಿಗೆ ಹೋಗಿ ಬಿದರಿ ಕುಶಲಕರ್ಮಿಯೊಬ್ಬರ ಬಳಿ ಶಿಷ್ಯನಾಗಿ ಕುಳಿತ. ಬಹಮನಿ ಅರಸರ ಕಾಲದಿಂದ ಬಂದುದೆಂದು ಹೇಳಲಾಗುವ ಈ ಕಲೆಗೆ 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರ ಮೂಲಕ ಪದ್ಮಶ್ರೀ ಗೌರವ ಸಂದಿತು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅರದಿಂದ ನಯಗೊಳಿಸಿದ ಮೈಗೆ ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪೇರುತ್ತದೆ. ಅದರ ಮೇಲೆ ಚಿತ್ರ ಗೀರಿ, ಉಳಿಯಿಂದ ತೋಡು ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕೂಡಿಸಿ ಹಚ್ಚಿದಾಗ ಲೋಹ ಕಾಡಿಗೆಯಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಊರಿಗೆ ಮರಳಿದ ಕಮ್ಮಾರ ತನ್ನ ಕಬ್ಬಿಣದ ಅಡಕತ್ತರಿಯ ಮೇಲೆ ಬಳ್ಳಿಯೊಂದನ್ನು ಕೊರೆದ. ಬಲವಾಗಿ ಬಡಿದು ತಂತಿ ಕೂರಿಸಿದ. ಎರಡೇ ದಿನಕ್ಕೆ ಬಳ್ಳಿ ಸಿಪ್ಪೆಯಂತೆ ಎದ್ದು ಬಂತು.

"ಏಟಿಗೆ ಬಲ ಸಾಲಲಿಲ್ಲವೇನೋ?" ಎಂದೆ.

"ಏಟು ಹೆಚ್ಚೇ ಆಯ್ತು ಮೇಷ್ಟ್ರೇ, ತೋಡು ನೆಟ್ಟಗಿತ್ತು," ಎಂದ ಆತ.

ಗುಟ್ಟು ಅಲ್ಲಿಯೇ ಇತ್ತು. ಇಲ್ಲಿ ಅಂಟಿಲ್ಲ, ಬೆಸುಗೆಯಿಲ್ಲ. ತೋಡಿನ ಬಾಯಿ ಕಿರಿದಾಗಿ ತಳ ಅಗಲವಾಗಿರಬೇಕು. ಏಟಿಗೆ ಹರಡಿದ ಬೆಳ್ಳಿ ಒಳಗೆ ಅರಳಿ, ಮತ್ತೆ ಹೊರಬರಲಾರದೆ ನಿಲ್ಲುತ್ತದೆ. ಸತುವಿನಲ್ಲಿ ಸುಲಭವಾಗಿ ಓಡಿದ ಉಳಿ ಕಬ್ಬಿಣದಲ್ಲಿ ಜಾರುತ್ತಿತ್ತು. ಆಗ ನೆರವಿಗೆ ಬಂದದ್ದು ಹಳೆಯ ವಿದ್ಯೆಯೇ. ಕಬ್ಬಿಣವನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ರಾತ್ರಿಯೆಲ್ಲ ಮೆಲ್ಲನೆ ಆರಗೊಟ್ಟು ಮೆದುಗೊಳಿಸಿದ. ಬೀದರಿನ ಮಣ್ಣು ಕಪ್ಪಾಗಿಸುವುದು ಸತುವಿನ ಮೈಯನ್ನು. ಕಬ್ಬಿಣಕ್ಕೆ ಆತ ಹದವಾದ ಕಾವು ಕೊಟ್ಟು ಕಡುನೀಲಿ ಬರಿಸಿದ. ಅವಸರ ಕಲಿಸಿದ ಬೆಂಕಿಯೇ ಈಗ ತಾಳ್ಮೆಯನ್ನೂ ಕಲಿಸಿತು.

ಆ ಅಡಕತ್ತರಿ ನಮ್ಮ ಮನೆಯಲ್ಲಿದೆ. ನನ್ನ ತಾಯಿ ಎಲೆಯಡಿಕೆಗೆ ಕುಳಿತಾಗಲೆಲ್ಲ ಬಳ್ಳಿಯ ಮೇಲೆ ಹೆಬ್ಬೆರಳಾಡಿಸುತ್ತಾರೆ. ಕಬ್ಬಿಣ ಮುಗಿದು ಬೆಳ್ಳಿ ಮೊದಲಾಗುವ ಅಂಚು ಬೆರಳಿಗೆ ಸಿಗುವುದಿಲ್ಲ.

ಇದರಿಂದ ಆತನ ಸಂಸಾರ ನೆಮ್ಮದಿಯಾಯಿತೆಂದು ಬರೆದರೆ ಸುಳ್ಳಾದೀತು. ವರ್ಷಕ್ಕೆ ನಾಲ್ಕೈದು ಅಡಕತ್ತರಿ ಮಾರಿದರೆ ಹೆಚ್ಚು. ಗೇಟು, ಕಿಟಕಿಯ ಸರಳುಗಳೇ ಇಂದಿಗೂ ಅನ್ನ ಕೊಡುತ್ತಿವೆ. ಆದರೂ ಸಂಜೆ ತಿದಿಯ ಸದ್ದು ನಿಂತ ಮೇಲೆ ಆ ಕುಲುಮೆಯಿಂದ ಸಣ್ಣ ಸುತ್ತಿಗೆಯ ದನಿ ಕೇಳಿಬರುತ್ತದೆ. ದಾರಿಯಲ್ಲಿ ಹೋಗುವವರು ನಿಂತು ಆಲಿಸಿದರೆ ಮಾತ್ರ ಕೇಳುವಷ್ಟು ಮೆಲ್ಲನೆ.